ಮೂರನೆಯ ಸಂಚಿಕೆ

ರಾಯ್ಕರ ಮಾಮ ನಿವೃತ್ತಿಯ ದಿನ ಕೊಟ್ಟದ್ದು
ತಗಡಿನ ಪೆಟ್ಟಿಗೆ, ನೂರಾಹನ್ನೆರಡು ಕಾರ್ಡು,
ಒಂದು ಮೊಂಡು ಪೆನ್ಸಿಲು, ಒಂದು ಮಾತು:
‘ಬಂದದ್ದಕ್ಕೆ ಶಾಯಿ, ಬರಬೇಕಾದ್ದಕ್ಕೆ ಪೆನ್ಸಿಲು.
ಅದಲುಬದಲು ಮಾಡಬೇಡ.’

ಈಗ ಕಾರ್ಡು ಮೂವತ್ತೊಂದು.
ಉಳಿದವು ನಿಂತವು, ಇಲ್ಲಾ ನಾವೇ ನಿಲ್ಲಿಸಿದೆವು,
ಇಲ್ಲಾ ಪರದೆಯೊಳಗೆ ಹೋಗಿ ಕೂತವು;
ಕರೆಂಟಿದ್ದರೆ ಕಾಣುತ್ತವೆ.

ಕಡಲಜೀವಿಗಳ ಆ ತ್ರೈಮಾಸಿಕ,
ಸಂಪುಟ ನಲವತ್ತೊಂದು.
ಒಂದು ಬಂತು. ಎರಡು ಬಂತು, ತುದಿ ನೆನೆದು.
ನಾಲ್ಕು ಬಂತು.
ಮೂರರ ಮನೆಯಲ್ಲಿ ನನ್ನ ಪೆನ್ಸಿಲಿನ ಚುಕ್ಕೆ,
ತಿಂಗಳಿಗೊಂದು,
ಇರುವೆಸಾಲು.

ಹುಬ್ಬಳ್ಳಿಯ ಏಜೆಂಟರಿಗೆ ಬರೆದೆ:
ಮಾನ್ಯರೇ, ಮುಂಗಡ ಹಣ ಸಂದಾಯವಾಗಿದ್ದು...
ಅವರದು: ಪ್ರಕಾಶಕರಿಗೆ ತಿಳಿಸಲಾಗಿದೆ.
ಪ್ರಕಾಶಕರದು: ರವಾನಿಸಲಾಗಿದೆ,
ತೊಂಬತ್ತು ದಿನದೊಳಗೆ ಕೇಳಬೇಕಿತ್ತು.
ಜುಲೈ ಸಂಚಿಕೆ ಅಚ್ಚಾದದ್ದೇ ಡಿಸೆಂಬರಿಗೆ, ಸ್ವಾಮಿ,
ತೊಂಬತ್ತನ್ನು ಎಲ್ಲಿಂದ ಎಣಿಸಲಿ?
ಈ ಸಾಲು ಕರಡಿನಲ್ಲೇ ಉಳಿಯಿತು.
‘ದಯವಿಟ್ಟು ಪರಿಶೀಲಿಸುವುದು’ ಎಂದು ಟೈಪಾಯಿತು.

ಮಾರ್ಚಿನಲ್ಲಿ ಆಡಿಟ್ಟಿನವರು ಬಂದರು.
ಬಂಗಡೆ ಊಟ ಚೆನ್ನಾಗಿತ್ತೆಂದರು.
ಆಮೇಲೆ ಚುಕ್ಕೆಗಳ ಮೇಲೆ ಬೆರಳಿಟ್ಟು
‘ದುಡ್ಡು ಕೊಟ್ಟಿದೆ, ಮಾಲು ಎಲ್ಲಿ?’
ಬೈತಖೋಲಿನ ಧಕ್ಕೆಯಲ್ಲಿ ಕೇಳುವ ಧಾಟಿಯಲ್ಲೇ.

ಸುಲಕ್ಷಾ ತಾಂಡೇಲ್ ವಾರಕ್ಕೆರಡು ಸಲ ಬರುತ್ತಿದ್ದಳು.
ಕಾಳಿ ಅಳಿವೆಯ ಬಳಚಿನ ಮೇಲೆ ಅವಳ ಪ್ರಬಂಧ.
ಆ ಮೂರರಲ್ಲೇ ಇದೆಯಂತೆ, ಪುಟ ಇನ್ನೂರ ಏಳು,
ಗೋವೆಯ ಯಾರೋ ಹತ್ತು ವರ್ಷ ಅಳೆದ ಲೆಕ್ಕ.
ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕಪಾಟಿನ ತನಕ ಹೋಗಿ
ಎರಡಕ್ಕೂ ನಾಲ್ಕಕ್ಕೂ ನಡುವೆ ಬೆರಳಾಡಿಸಿ
‘ಬರ್ತೆ ಅಕ್ಕೋರೇ’ ಅನ್ನುತ್ತಿದ್ದಳು.
ಅವಳ ಆಯಿ ಅದೇ ಹೊಳೆಯಲ್ಲಿ
ಸೊಂಟದ ನೀರಿಗಿಳಿದು ಕಾಲ್ಬೆರಳಲ್ಲೇ ಹುಡುಕುವವಳು.
ಒಮ್ಮೆ ನನಗೂ ಒಂದು ಪಾಲು ಬಳಚು ಬಂತು
ಪೇಪರಿನಲ್ಲಿ ಸುತ್ತಿ.
ಬಿಚ್ಚಿ, ಮೊದಲು ಪೇಪರಿನ ತಾರೀಖು ನೋಡಿದೆ.
ಅಭ್ಯಾಸ.

ಮೇ ತಿಂಗಳಲ್ಲಿ ಪ್ರಬಂಧ ಒಪ್ಪಿಸಿದಳು.
ಆಕರಸೂಚಿಯಲ್ಲಿ ಒಂದು ಸಾಲಿನ ಪಕ್ಕ
‘ಮೂಲ ನೋಡಲಾಗಿಲ್ಲ’ ಎಂದಿತ್ತು.
ಅದನ್ನು ಓದಿದವಳು ನಾನೊಬ್ಬಳೇ ಇರಬೇಕು.

ಜೂನು. ದೋಣಿಗಳೆಲ್ಲ ದಡಕ್ಕೇರಿದ ಮೇಲೆ
ಪೋಸ್ಟಿನ ಗಜಾನನ ಪ್ಲಾಸ್ಟಿಕ್ ಚೀಲದೊಳಗಿಂದ
ಒಂದು ಕಂದು ಲಕೋಟೆ ತೆಗೆದ.
ಪ್ರಕಾಶಕರದಲ್ಲ. ಕಾರ್ಕಳದ ಒಂದು ಕಾಲೇಜಿನದು.
ಒಳಗೆ ಮೂರು. ಮೇಲೊಂದು ಚೀಟಿ:
‘ನಿಮ್ಮದು ನಮಗೆ ಬಂದಿತ್ತು.
ಕಾರ್ ಎಂಬ ತನಕ ಓದಿ ಬಿಟ್ಟರೋ ಏನೋ.
ನಮ್ಮದೇ ಎಂದುಕೊಂಡು ಕಪಾಟಿಗಿಟ್ಟೆವು, ಕ್ಷಮಿಸಿ.
ವಾರಿಜಾ, ಗ್ರಂಥಪಾಲಕಿ.’

ಹಿಂದಿನ ರಟ್ಟಿಗೆ ಅವರ ತಾರೀಖಿನ ಚೀಟಿ, ಐದು ಮುದ್ರೆ.
ಐದು ಜನ!
ನಮ್ಮಲ್ಲಿ ಇಡೀ ಸಂಪುಟಕ್ಕೂ ಅಷ್ಟು ಬೀಳುವುದಿಲ್ಲ.
ಪುಟ ಇನ್ನೂರ ಏಳರಲ್ಲಿ ಯಾರೋ ಅಡಿಗೆರೆ ಎಳೆದು
ಅಂಚಿನಲ್ಲಿ ಬರೆದಿದ್ದರು: ‘ಹೌದಾ?’

ಹನ್ನೊಂದು ಚುಕ್ಕೆ ಅಳಿಸಿದೆ.
ಕಾರ್ಡು ಅಲ್ಲಿ ತೆಳ್ಳಗಾಗಿತ್ತು, ಶಾಯಿ ಹರಡಿತು.

ಸುಲಕ್ಷಾಗೆ ಫೋನು ಮಾಡಿದೆ.
ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಾಳೆ ಈಗ,
ಹಿಂದೆ ಯಂತ್ರದ ಗದ್ದಲ.
‘ಮೂರು ಬಂತು’ ಅಂದೆ.
‘ಯಾವ ಮೂರು, ಅಕ್ಕೋರೇ?’
ಸ್ವಲ್ಪ ಹೊತ್ತು ಯಂತ್ರ ಮಾತ್ರ.
ಆಮೇಲೆ, ‘ಹೌದಾ?’

ಸೋಮವಾರ ಹುಬ್ಬಳ್ಳಿಯಿಂದ ಇನ್ನೊಂದು ಮೂರು
‘ಬದಲಿ ಪ್ರತಿ’ ಎಂದು ಸೀಲು ಹೊಡೆಸಿಕೊಂಡು ಬಂತು.
ನಿಯಮದ ಪ್ರಕಾರ ವಾಪಸು ಹೋಗಬೇಕು;
ಕಾರ್ಡಿನಲ್ಲಿ ಎರಡನೆಯದಕ್ಕೆ ಮನೆಯಿಲ್ಲ.
ಲಕೋಟೆಗೆ ಹಾಕಿ ದೊಡ್ಡಕ್ಷರದಲ್ಲಿ ಬರೆದೆ
ಕಾರ್ಕಳ. ಕೆಳಗೆ ಎರಡು ಗೆರೆ.

ಕಾರ್ಡಿನ ಬೆನ್ನಿಗೆ ‘ಕೊಟ್ಟದ್ದು: ಒಂದು’ ಎಂದು ಬರೆಯಹೋಗಿ
ಕೈ ತಡೆಯಿತು.
ಕೊಟ್ಟದ್ದಕ್ಕೆ ಯಾವುದೆಂದು ಮಾಮ ಹೇಳಿರಲಿಲ್ಲ.