ಸದ್ದಿನ ಗೀರಿಲ್ಲದ ರೀಲು

ಮೊದಲು ಬಲ್ಬು ತೆಗೆದೆ. ಅದರ ಕಾವಿಗೇ ಅಲ್ಲವೆ
ಹಿಂದೊಮ್ಮೆ ರೀಲು ಗುಳ್ಳೆಯೆದ್ದದ್ದು.
ಅಲ್ಲೀಗ ತಣ್ಣನೆಯ ಎಲ್‌ಇಡಿ, ಮುಂದೆ ಹಾಲುಬಣ್ಣದ ತೆರೆ,
ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ, ಯಾರಿಗೂ ಹೇಳಬೇಡಿ.
ಬೆಳಕು ಕೊಯ್ಯುವ ರೆಕ್ಕೆ ಬಿಚ್ಚಿದೆ.
ಮೋಟಾರು ಕಾರಿನ ವೈಪರಿನದು,
ಉಪ್ಪಳದ ಗುಜರಿಯಲ್ಲಿ ನೂರೈವತ್ತಕ್ಕೆ ಸಿಕ್ಕಿದ್ದು.
ಸೆಕೆಂಡಿಗೆ ಹದಿನೆಂಟು ಓಡುತ್ತಿದ್ದ ಚೌಕಗಳು
ಈಗ ಒಂದು, ಟಕ್.
ಮತ್ತೊಂದು, ಟಕ್.

ರುಖಿಯಾ ಮೂರು ದಿನದಿಂದ ಸ್ಟೂಲು ಬಿಟ್ಟೆದ್ದಿಲ್ಲ.
ಬಹರೈನಿನಿಂದ ಬಾಪ ತಂದ ಕ್ಯಾಮರ,
ಎಪ್ಪತ್ತನಾಲ್ಕರ ಹೊಯಿಗೆ, ಒಣಮೀನಿನ ಚಾಪೆ,
ಪಯ್ಯನ್ನೂರಿನಿಂದ ಮದುವೆಯಾಗಿ ಬಂದ ಉಮ್ಮ
ಗಾಳಿಗೆ ಹಾರುವ ತಲೆವಸ್ತ್ರ ಒಂದು ಕೈಲಿ ಹಿಡಿದು
ಇನ್ನೊಂದು ಕೈ ಚಾಚಿ ಕರೆಯುತ್ತಾರೆ.
ಏನಂತ? ಈ ರೀಲಿಗೆ ಸದ್ದಿನ ಗೀರೇ ಇಲ್ಲ.

ಎರಡು ಸಾವಿರದ ಇನ್ನೂರ ಹನ್ನೊಂದು, ಹನ್ನೆರಡು, ಹದಿಮೂರು:
ತುಟಿ ಕೂಡಿವೆ.

"ಬಾ" ಅಂದಿದ್ದಾರೆ, ಅಂದೆ.
ಈ ಕಡೆಯ ಮಾತು ಕಲಿತಿದ್ದರಂತಲ್ಲ.
"ಅಲ್ಲ," ಅಂದಳು. "ಮೋಳೇ."

ಹಿಂದೆ ತಿರುಗಿಸಿದೆ. ಮುಂದೆ.
ಬಕಾರಕ್ಕೂ ಮಕಾರಕ್ಕೂ ಒಂದೇ ಬಾಗಿಲು.

ಫೈಲಿಗೆ ಹೆಸರೇನು ಕೊಡಲಿ, ಕೇಳಿದೆ.
ತುಟಿ ಕೂಡಿಸಿದವಳು ಬಿಡಿಸಲೇ ಇಲ್ಲ.
ನಂಬರೇ ಇರಲಿ ಅಂತ
ಟೈಪು ಮಾಡಿದೆ.