ಎಕೋ ಕೋಣೆ

ನೆಗಡಿ ಬಂದಿತ್ತು, ಹೋಗಿತ್ತು.
ಶುಂಠಿ ಕಷಾಯ, ಮೂರು ರಾತ್ರಿಯ ಬೆವರು;
ನಾಲ್ಕನೇ ದಿನ ಟ್ರಂಪೆಟ್ ಒರೆಸಿಕೊಂಡು
ಶಹಾಬಜಾರಿನ ಮದುವೆಗೆ ಹೊರಟೇಬಿಟ್ಟ ಸಾಯಬಣ್ಣ.

ಹದಿನೈದು ದಿನಕ್ಕೆ
ಜೀನಾ ಹತ್ತುತ್ತ ನಡುವೆ ಕೂತ.
"ಏನಿಲ್ಲ, ಹವಾ ಸಾಲವಲ್ದು" ಅಂದ,
ಇಡೀ ಬಾರಾತಿಗೆ ಹವಾ ತುಂಬುತ್ತಿದ್ದವನು.
ರಾತ್ರಿ ತಲೆಗೆ ಮೂರು ದಿಂಬು.
ಬೆಳಿಗ್ಗೆ ಪಾದ ಚಪ್ಪಲಿಗೆ ಹಿಡಿಸಲಿಲ್ಲ.

ಈಗ ಕಲಬುರಗಿಯ ಈ ಕತ್ತಲೆ ಕೋಣೆಯಲ್ಲಿ
ಎಡಮಗ್ಗುಲಾಗಿದ್ದಾನೆ, ಎದೆಯ ಮೇಲೆ ತಣ್ಣನೆ ಜೆಲ್.
ಪರದೆಯಲ್ಲಿ ಅದು:
ಒದ್ದೆ ಬಟ್ಟೆ ಹಿಂಡಲು ಹೋಗಿ
ಅರ್ಧಕ್ಕೇ ಸಡಿಲುವ ಮುಷ್ಟಿ.

"ಹೃದಯಕ್ಕೂ ನೆಗಡಿ ಆಗ್ತದೇನ್ರಿ?" ಅಂದೆ.
ಡಾಕ್ಟರಮ್ಮ ನಗಲಿಲ್ಲ.
"ಅದೇ ವೈರಸ್ ತಂಗಿ, ಗಂಟಲಿಂದ ಇಳದದ.
ಅದನ್ನ ಹುಡುಕ್ತ ಬಂದ ರಕ್ತನೂ
ಅಲ್ಲೇ ಉರಿ ಹಚ್ಚ್ಯಾದ.
ಆರಬಹುದು. ಆರು ತಿಂಗಳು ನೋಡಮು.
ಊದೋ ಮಾತು ಈಗ ಬ್ಯಾಡ."

ಯಂತ್ರದ ಗುಂಡಿ ಒತ್ತಿದರು. ಸದ್ದು ಬಂತು,
ಸರ್ರ್... ಸರ್ರ್...
ಸ್ವರ ಹತ್ತದ ಹಿತ್ತಾಳೆಯೊಳಗೆ
ಬರೀ ಉಸಿರು ಹಾದ ಹಾಗೆ.

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.
ಬಲಗೈಯ ಮೂರು ಬೆರಳು ಮಾತ್ರ
ಮಂಚದ ಅಂಚಿನಲ್ಲಿ
ಇಲ್ಲದ ಗುಂಡಿಗಳನ್ನು ಒತ್ತುತ್ತಿದ್ದವು.