ನಾಲ್ಕು ಬೆರಳು ಬಾಕಿ

ಮಂಡಕ್ಕಿ ಭಟ್ಟಿಯ ಮಸಿಗೋಡೆ ಮೇಲೆ
ದಿನಕ್ಕೊಂದು ಸುಣ್ಣದ ಗೆರೆ.
ಜೈಬುನ್ನಿಸಾಳ ಎರಡು ಬೆರಳು
ಇರುವೆ ಹಾಗೆ ಹತ್ತುತ್ತವೆ,
ಹಿಂದೆ, ಒಲ್ಲದ ಕತ್ತೆ, ತೋಳು.

"ಭುಜ ಕಿವಿಗೇರಿಸಬ್ಯಾಡ್ರಿ" ಅಂದಿದ್ದಳು
ಪಿ.ಜೆ. ಬಡಾವಣೆಯ ಫಿಸಿಯೋ ಹುಡುಗಿ,
ಕೀಲಿನ ಗುಂಡನ್ನು ಅಂಗೈಲಿ ಹಿಡಿದು
ತುಕ್ಕು ತಿಂದ ಬಾಗಿಲು ಸಡಿಲಿಸುವಂತೆ
ಮೆಲ್ಲಗೆ ಕೆಳಕ್ಕೆ ಜಾರಿಸುತ್ತ.

ಇಪ್ಪತ್ತೆರಡು ವರ್ಷ
ಕಾದ ಮರಳು ಮಗುಚಿದ ತೋಳಿನ ಭಾರ
ಇನ್ನೊಬ್ಬರು ಹೊತ್ತದ್ದು ಅದೇ ಮೊದಲು.
ಅಳು ಬಂತು.
ನೋವಿಗಿರಬೇಕು ಅಂದುಕೊಂಡಳು ಹುಡುಗಿ.

ಇವತ್ತಿನ ಗೆರೆ
ಜರಡಿ ತೂಗುವ ಮೊಳೆಯ ಹತ್ತಿರ.
ಮೂರು ತಿಂಗಳಿಂದ ಇಳಿಸಿಕೊಡುವ
ಪಕ್ಕದ ಭಟ್ಟಿಯ ದಾದಾಪೀರ
ಎಂದಿನಂತೆ ಕೈ ಚಾಚಿದ.

"ಇರಲಿ ಬಿಡೋ" ಅಂದಳು,
"ನಾಲ್ಕೇ ಬೆರಳು.
ಅಲ್ಲೀತನಕ ಮೊರದಾಗೆ ಕೇರ್ತೀನಿ."